ಸರ್ಕಾರಿ ಪುಟ ಮಾಯವಾದರೆ: ‘ಎಲ್ಲೋ ಇರುತ್ತೆ ಬಿಡಿ’ ಅನ್ನುವವರಿಗೆ

ಪ್ರಶ್ನೆ: ಅಮೆರಿಕದಲ್ಲಿ ಅಧ್ಯಕ್ಷರು ಬದಲಾದಾಗ ಸರ್ಕಾರಿ ವೆಬ್‌ಪುಟಗಳು ಕಾಣೆಯಾಗುತ್ತವೆ, ಸರಿ. ಆದರೆ ಹಳೆಯ ವೆಬ್‌ಪುಟಗಳ ಪ್ರತಿ ಇಡುವ ತಾಣ ವೇಬ್ಯಾಕ್ ಮಷಿನ್‌ನಲ್ಲಿ ಎಲ್ಲವೂ ಇರುತ್ತದಲ್ಲ? ನನ್ನ ಸಂಶೋಧನೆಗೆ ಬೇಕಾದ ಪುಟಗಳನ್ನು ನಾನೇ ಯಾಕೆ ಉಳಿಸಿಕೊಳ್ಳಬೇಕು?

ಉತ್ತರ: ಈ ‘ಎಲ್ಲವೂ’ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ವೇಬ್ಯಾಕ್ ನಡೆಸುವ ಇಂಟರ್ನೆಟ್ ಆರ್ಕೈವ್, ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಇನ್ನೂ ಕೆಲವು ಸಂಸ್ಥೆಗಳು 2008ರಿಂದ ಪ್ರತಿ ಅಧ್ಯಕ್ಷೀಯ ಅವಧಿ ಮುಗಿಯುವಾಗ ‘ಎಂಡ್ ಆಫ್ ಟರ್ಮ್’ ಹೆಸರಿನಲ್ಲಿ ಸರ್ಕಾರಿ ತಾಣಗಳ ಪ್ರತಿ ತೆಗೆದಿಡುತ್ತಿವೆ. ದೊಡ್ಡ ಕೆಲಸವೇ. ಆದರೆ ಹೆಚ್ಚಿನ ಪ್ರತಿಗಳನ್ನು ತೆಗೆಯುವುದು ಕ್ರಾಲರ್ ಅನ್ನುವ ಸಾಫ್ಟ್‌ವೇರ್, ಮನುಷ್ಯ ಅಲ್ಲ. ಅದು ಲಿಂಕ್ ಹಿಡಿದು ಮುಂದೆ ಹೋಗುತ್ತದೆ, ಅಷ್ಟೇ. ರಾಜ್ಯ ಆರಿಸಿ, ವರ್ಷ ಆರಿಸಿ, ಬಟನ್ ಒತ್ತಿದ ಮೇಲೆ ಬರುವ ಕೋಷ್ಟಕ ಅದಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಳೆಯ ಪ್ರತಿ ತೆರೆದರೆ ತಲೆಬರಹ ಇರುತ್ತದೆ, ಲೋಗೋ ಇರುತ್ತದೆ. ನಕ್ಷೆ ಇರಬೇಕಾದ ಜಾಗದಲ್ಲಿ ಬೂದು ಚೌಕ, ಅದರೊಳಗೆ ತಿರುಗುತ್ತಲೇ ಇರುವ ಚಕ್ರ. ನಿಮಗೆ ಬೇಕಿದ್ದದ್ದು ಆ ನಕ್ಷೆ ಅಲ್ವಾ?

ಆದ್ದರಿಂದ ವೇಬ್ಯಾಕ್‌ನಲ್ಲಿ ಪುಟ ಉಳಿಸುವ ‘ಸೇವ್ ಪೇಜ್ ನೌ’ ಒತ್ತಿ ಎದ್ದು ಹೋಗಬೇಡಿ. ಉಳಿಸಿದ ಪ್ರತಿಯನ್ನು ಆಗಲೇ ತೆರೆದು ನೋಡಿ. ಸಿಎಸ್‌ವಿ, ಎಕ್ಸೆಲ್‌ನಂಥ ಅಂಕಿಅಂಶದ ಫೈಲ್‌ಗಳಿದ್ದರೆ ಬೇರೆಯಾಗಿ ಇಳಿಸಿಕೊಳ್ಳಿ. ಕಾಲಮ್‌ಗಳ ಅರ್ಥ ಹೇಳುವ ದಾಖಲೆಯನ್ನೂ ಬಿಡಬೇಡಿ. ಅದಿಲ್ಲದಿದ್ದರೆ ಸುಮ್ನೆ ಅಂಕಿಗಳ ರಾಶಿ. ಕ್ಲಿಕ್ ಮಾಡಿದರಷ್ಟೇ ತೆರೆದುಕೊಳ್ಳುವ ಪುಟಗಳಿಗೆ ವೆಬ್‌ರೆಕಾರ್ಡರ್‌ನವರ ಆರ್ಕೈವ್‌ವೆಬ್‌.ಪೇಜ್ ಅನ್ನುವ ಬ್ರೌಸರ್ ಎಕ್ಸ್‌ಟೆನ್ಶನ್ ಬಳಸಿ. ನೀವು ಬ್ರೌಸರ್‌ನಲ್ಲಿ ಏನೇನು ತೆರೆದಿರೋ ಅದನ್ನು ಅದು ಹಿಡಿದಿಡುತ್ತದೆ. ತೆರೆಯದೇ ಬಿಟ್ಟದ್ದನ್ನು ಹಿಡಿಯುವುದಿಲ್ಲ, ಆಮೇಲೆ ಬಂದು ಬೈಯಬೇಡಿ.

ಇನ್ನೊಂದು ವಿಷಯವನ್ನು ಅನುಭವಸ್ಥರೂ ಗಮನಿಸುವುದಿಲ್ಲ. ವೇಬ್ಯಾಕ್ ವಿಳಾಸದ ನಡುವೆ 14 ಅಂಕಿಗಳಿರುತ್ತವೆ. 20250130183000 ಅಂದರೆ 2025ರ ಜನವರಿ 30, ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಪ್ರಕಾರ ಸಂಜೆ 6:30. ಅದು ಪುಟದ ಸಮಯ ಮಾತ್ರ. ಒಳಗಿನ ಚಿತ್ರ, ಚಾರ್ಟು ಬೇರೆ ದಿನದ್ದಾಗಿರಬಹುದು, ಕೆಲವೊಮ್ಮೆ ತಿಂಗಳುಗಳ ಅಂತರವೇ ಇರುತ್ತದೆ. ಪುಟದ ಮೇಲ್ಗಡೆ ಕಾಣುವ ವೇಬ್ಯಾಕ್ ಪಟ್ಟಿಯಲ್ಲಿ ‘ಅಬೌಟ್ ದಿಸ್ ಕ್ಯಾಪ್ಚರ್’ ಒತ್ತಿದರೆ ಒಳಗಿನ ಒಂದೊಂದರ ಸಮಯವೂ ಕಾಣುತ್ತದೆ. ಅದನ್ನು ನೋಡದೆ ‘ಆ ದಿನ ಸರ್ಕಾರ ಹೀಗೆ ಹೇಳಿತ್ತು’ ಅಂತ ಬರೆಯುವವರನ್ನು ನಾನು ನಂಬುವುದಿಲ್ಲ.

ಪುಟ ವಾಪಸ್ ಬಂದರೂ ಪ್ರತಿ ಬೇಕು. 2025ರ ಜನವರಿ ಕೊನೆಗೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಸಿಡಿಸಿ, ಹಲವು ಪುಟಗಳನ್ನು ತೆಗೆಯಿತು. ಫೆಬ್ರವರಿಯಲ್ಲಿ ನ್ಯಾಯಾಲಯ ವಾಪಸ್ ಹಾಕಲು ಹೇಳಿತು. ಹಾಗೆ ಬಂದ ಕೆಲವು ಪುಟಗಳ ನೆತ್ತಿಯ ಮೇಲೆ, ಇದರಲ್ಲಿನ ವಿಷಯವನ್ನು ಈ ಸರ್ಕಾರ ಒಪ್ಪುವುದಿಲ್ಲ ಅನ್ನುವ ಸೂಚನೆ ಅಂಟಿಕೊಂಡಿತ್ತು. ಕೆಳಗಿನ ಪಠ್ಯ ಹಳೆಯದೇ ಹೌದಾ ಅಂತ ಹೇಳಬೇಕಾದರೆ ಪಕ್ಕದಲ್ಲಿಟ್ಟು ನೋಡಲು ಹಳೆಯ ಪ್ರತಿ ಬೇಕೇ ಬೇಕು.

ಪ್ರಶ್ನೆ: ಸ್ಕ್ರೀನ್‌ಶಾಟ್ ಸಾಕಾಗಲ್ವಾ?

ಉತ್ತರ: ಸ್ನೇಹಿತರಿಗೆ ತೋರಿಸೋಕೆ ಸಾಕು.

ಪ್ರಶ್ನೆ: ಹೊಸ ಅಧ್ಯಕ್ಷರು ಬಂದ ದಿನವೇ ವೈಟ್‌ಹೌಸ್ ತಾಣವನ್ನು ಪೂರ್ತಿ ಅಳಿಸಿದರಂತೆ!

ಉತ್ತರ: ಹೊಸಬರು ಬಂದಾಗಲೆಲ್ಲ ಜನವರಿ 20ಕ್ಕೆ ಅದು ಬದಲಾಗುತ್ತದೆ. ಹಳೆಯದನ್ನು ಅಲ್ಲಿನ ಸರ್ಕಾರಿ ದಾಖಲೆ ಸಂಗ್ರಹ, ನ್ಯಾಷನಲ್ ಆರ್ಕೈವ್ಸ್, ಇಟ್ಟುಕೊಳ್ಳುತ್ತದೆ. ಒಬಾಮಾ ಕಾಲದ ತಾಣ ಅಲ್ಲಿ ಈಗಲೂ ತೆರೆಯುತ್ತದೆ. ಇದಕ್ಕೆ ಗಾಬರಿ ಬೀಳಬೇಡಿ. ಸದ್ದಿಲ್ಲದೆ ಒಂದು ಪ್ಯಾರಾ ಮಾಯವಾಗುವ ಇಲಾಖಾ ಪುಟಗಳ ಮೇಲೆ ಕಣ್ಣಿಡಿ.

ಪ್ರಶ್ನೆ: ಡಿಲೀಟ್ ಆದ ಸರ್ಕಾರಿ ಪುಟ ವಾಪಸ್ ತರುವ ಸಾಫ್ಟ್‌ವೇರ್ ಮಾರುತ್ತಿದ್ದಾರೆ. ಕೊಳ್ಳಲಾ?

ಉತ್ತರ: ಬೇಡ. ಬೇರೆಯವರ ಸರ್ವರ್‌ನಿಂದ ಅಳಿಸಿದ್ದನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಕೂತ ಯಾವ ಸಾಫ್ಟ್‌ವೇರೂ ಹುಟ್ಟಿಸಲಾರದು. ಇಂಥವು ಹೆಚ್ಚೆಂದರೆ ವೇಬ್ಯಾಕ್‌ನಿಂದಲೇ ಪುಕ್ಕಟೆ ಎತ್ತಿ ನಿಮಗೆ ಮಾರುತ್ತವೆ. ಲೂಟಿ ಅಂದರೆ ಇದೇ.

ಪ್ರಶ್ನೆ: ಗೂಗಲ್ ತನ್ನಲ್ಲಿ ಇಟ್ಟುಕೊಂಡ ಪ್ರತಿಯಲ್ಲಿ, ಅಂದರೆ ಗೂಗಲ್ ಕ್ಯಾಶ್‌ನಲ್ಲಿ ಸಿಗಬಹುದಾ?

ಉತ್ತರ: ಆ ಪ್ರತಿ ತೋರಿಸುತ್ತಿದ್ದ ಲಿಂಕನ್ನು ಗೂಗಲ್ 2024ರಲ್ಲೇ ತೆಗೆದುಹಾಕಿದೆ.

ಪ್ರಶ್ನೆ: ಪ್ರತಿ ಇಟ್ಟುಕೊಂಡರೆ ಕಾಪಿರೈಟ್ ತೊಂದರೆ?

ಉತ್ತರ: ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಬರೆದದ್ದಕ್ಕೆ ಅಲ್ಲಿ ಕಾಪಿರೈಟ್ ಇಲ್ಲ. ಅದೇ ಪುಟದಲ್ಲಿ ಹೊರಗಿನವರಿಂದ ತಂದು ಹಾಕಿದ ಫೋಟೊಗೆ ಇರಬಹುದು. ನಾನಾದರೆ ಪ್ರತಿ ಇಟ್ಟುಕೊಳ್ಳುತ್ತೇನೆ, ಫೋಟೊ ಮಾತ್ರ ಮತ್ತೆಲ್ಲೂ ಹಾಕುವುದಿಲ್ಲ.