ಬರೀ ಜಿಲ್ಲಾ ಆಸ್ಪತ್ರೆಯಾ? ರೇಡಿಯಾಲಜಿ ಕಲಿಯುವವರ ಪ್ರಶ್ನೆಗಳು

ಜಿಲ್ಲಾ ಆಸ್ಪತ್ರೆಯಲ್ಲಿ ಕೂತು ರೇಡಿಯಾಲಜಿ, ಅಂದರೆ ಎಕ್ಸ್‌ರೇ, ಸ್ಕ್ಯಾನ್ ಓದಿ ರೋಗ ಗುರುತಿಸುವ ವಿದ್ಯೆ, ಕಲಿಸುವ ಬಗ್ಗೆ ಹೋದ ಸಲ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಜಾಸ್ತಿಯಾಗಿವೆ. ಹಾಗಾಗಿ ಈ ಸಲ ಮೊಣಕಾಲು ನೋವು, ಕಿಡ್ನಿ ಕಲ್ಲಿನ ಮಾಮೂಲಿ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಬರೀ ಈ ಪತ್ರಗಳಿಗೇ ಉತ್ತರ.

ಪ್ರಶ್ನೆ: ಮಗಳು ಎಂಬಿಬಿಎಸ್ ಮುಗಿಸಿದ್ದಾಳೆ. ನೀಟ್ ಪಿಜಿ ಕೌನ್ಸೆಲಿಂಗ್‌ನಲ್ಲಿ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ರೇಡಿಯಾಲಜಿ ಡಿಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ತಜ್ಞ ಪದವಿ) ಸೀಟು ಸಿಗುವ ಹಾಗಿದೆ. ನೆಂಟರೆಲ್ಲ "ಮೆಡಿಕಲ್ ಕಾಲೇಜಲ್ಲ, ಬರೀ ಜಿಲ್ಲಾ ಆಸ್ಪತ್ರೆ" ಅಂತ ಮೂಗು ಮುರಿಯುತ್ತಿದ್ದಾರೆ. ಸೇರಿಸಬಹುದೇ?
— ಒಬ್ಬ ತಾಯಿ, ಸಾಗರ

ಅಮ್ಮಾ, ನೆಂಟರಿಗೆ ಸುಮ್ನೆ ಕಾಫಿ ಕೊಟ್ಟು ಕಳಿಸಿ. ಎಂಬಿಬಿಎಸ್ ಆದ ಮೇಲೆ ಡಿಎನ್‌ಬಿ ಅಂದರೂ ಮೂರು ವರ್ಷ, ಎಂಡಿ ಅಂದರೂ ಮೂರು ವರ್ಷ. ಎರಡಕ್ಕೂ ಪ್ರಬಂಧ ಬರೆಯಬೇಕು. ಡಿಎನ್‌ಬಿಯ ಕೊನೆ ಪರೀಕ್ಷೆ ಇಡೀ ದೇಶಕ್ಕೆ ಒಂದೇ. ಅದು ಸುಲಭದ್ದಲ್ಲ, ಅದನ್ನು ಮಾತ್ರ ಮಗಳಿಗೆ ಮೊದಲೇ ಹೇಳಿಬಿಡಿ.

ನೀವು ನೋಡಬೇಕಾದದ್ದು ಬೋರ್ಡಿನ ಮೇಲಿನ ಹೆಸರನ್ನಲ್ಲ. ಸೇರುವ ಮುಂಚೆ ಒಂದು ದಿನ ಆ ಆಸ್ಪತ್ರೆಗೆ ಹೋಗಿ, ಈಗ ಅಲ್ಲಿ ಓದುತ್ತಿರುವ ಹುಡುಗ ಹುಡುಗಿಯರನ್ನು ಮಾತಾಡಿಸಿ. ಸಿಟಿ ಸ್ಕ್ಯಾನಿನ ರಿಪೋರ್ಟ್ ಬರೆಯುವವರು ಯಾರು ಅಂತ ಕೇಳಿ. ಈ ಪ್ರಶ್ನೆ ಯಾಕೆ ಅಂದರೆ, ಈಗ ಎಷ್ಟೋ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಟಿ, ಎಂಆರ್‌ಐ ಯಂತ್ರವನ್ನು ಖಾಸಗಿ ಕಂಪನಿ ನಡೆಸುತ್ತದೆ. ಚಿತ್ರ ಇಲ್ಲಿ ತೆಗೆಯುತ್ತಾರೆ, ಅದು ಇಂಟರ್‌ನೆಟ್ಟಿನಲ್ಲಿ ಇನ್ನೆಲ್ಲಿಗೋ ಹೋಗುತ್ತದೆ, ಅಲ್ಲಿ ಕೂತವರು ರಿಪೋರ್ಟ್ ಬರೆದು ಕಳಿಸುತ್ತಾರೆ. ರೋಗಿಗೆ ಅದರಿಂದ ಅನುಕೂಲವೇ. ಆದರೆ ಕಲಿಯಲು ಬಂದ ಡಾಕ್ಟರಿಗೆ ಸಿಗುವುದು ಯಂತ್ರದ ಸದ್ದು ಮಾತ್ರ. ಮೊದಲ ರಿಪೋರ್ಟನ್ನು ಕಲಿಯುವವರೇ ಬರೆದು, ಪಕ್ಕದಲ್ಲಿ ಕೂತ ಸೀನಿಯರ್ ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, "ಇದನ್ನು ಯಾಕೆ ಬಿಟ್ಟೆ?" ಅಂತ ಬೈಯುವ ಜಾಗ ಆಗಿದ್ದರೆ ಕಣ್ಣು ಮುಚ್ಚಿ ಸೇರಿಸಿ. ಎಂಆರ್‌ಐ ಇಲ್ಲ ಅಂದರೆ, ಅದಕ್ಕೆ ಬೇರೆ ಆಸ್ಪತ್ರೆಗೆ ಎಷ್ಟು ತಿಂಗಳು ಕಳಿಸುತ್ತಾರೆ ಅಂತ ಕೇಳಿಕೊಳ್ಳಿ. ಮುಂದೆ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಸೀನಿಯರ್ ರೆಸಿಡೆನ್ಸಿ (ಪದವಿ ಮುಗಿದ ಮೇಲೆ ಆಸ್ಪತ್ರೆಯಲ್ಲಿ ಮಾಡುವ ಹಿರಿಯ ವೈದ್ಯರ ಕೆಲಸ) ನಿಯಮವನ್ನೂ ಈಗಲೇ ಓದಿಕೊಳ್ಳಲಿ.

ಇನ್ನೊಂದು ದಾರಿಯೂ ಇದೆ. 2020ರಲ್ಲಿ ಡಿಎನ್‌ಬಿ ನಡೆಸುವ ಮಂಡಳಿಯೇ ಎರಡು ವರ್ಷದ ಡಿಪ್ಲೊಮಾ ಪ್ರಕಟಿಸಿತು. ಅದರಲ್ಲಿ ರೇಡಿಯಾಲಜಿಯೂ ಸೇರಿದೆ. ಆದರೆ ಮೂರು ವರ್ಷದ್ದು ಕೈಗೆ ಸಿಗುತ್ತಿರುವಾಗ ಎರಡು ವರ್ಷದ್ದರ ಕಡೆ ನೋಡುವುದು ಯಾಕೆ, ಅಲ್ವಾ?

ಪ್ರಶ್ನೆ: ನಾನು ಮೊದಲ ವರ್ಷದ ರೇಡಿಯಾಲಜಿ ವಿದ್ಯಾರ್ಥಿ. ಪುಸ್ತಕದಲ್ಲಿರುವ ರೋಗಗಳೇ ಬೇರೆ, ನಮ್ಮ ಆಸ್ಪತ್ರೆಗೆ ಬರುವವೇ ಬೇರೆ. ದಿನವಿಡೀ ಕೆಮ್ಮು, ಬಿದ್ದು ಮೂಳೆ ಮುರಿದವರು, ಹೊಟ್ಟೆನೋವು ಇಷ್ಟೇ. ಇದರಿಂದ ಏನು ಕಲಿಯಲಿ?
— ಹೆಸರು ಬೇಡ, ಚಿತ್ರದುರ್ಗ

ನನ್ನದೇ ಒಂದು ತಪ್ಪು ಹೇಳುತ್ತೇನೆ ಕೇಳಿ. ನಾನು ಕಲಿಯುತ್ತಿದ್ದದ್ದು ಮಲೆನಾಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಅಡಿಕೆ ಕೊಯ್ಲಿನ ಕಾಲ. ಮರದಿಂದ ಬಿದ್ದ ಒಬ್ಬ ಕೊನೆಗೌಡನನ್ನು, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನನ್ನು, ಜೀಪಿನಲ್ಲಿ ಹಾಕಿಕೊಂಡು ಬಂದರು. ಪಾದ ಕುಂಬಳಕಾಯಿ ಹಾಗೆ ಊದಿತ್ತು. ಎಕ್ಸ್‌ರೇ ತೆಗೆಸಿದೆ. ಹಿಮ್ಮಡಿ ಮೂಳೆ ಅಪ್ಪಚ್ಚಿಯಾಗಿತ್ತು. ಸೊಗಸಾಗಿ ರಿಪೋರ್ಟ್ ಬರೆದೆ, ಮುರಿದ ತುಂಡು ಎಷ್ಟು, ಕೀಲಿನ ಒಳಗೆ ಬಿರುಕು ಹೋಗಿದೆಯಾ, ಎಲ್ಲ. ನಮ್ಮ ಮೇಡಂ ಬಂದು ಫಿಲ್ಮ್ ನೋಡಲೇ ಇಲ್ಲ, "ಬೆನ್ನಿನ ಫಿಲ್ಮ್ ಎಲ್ಲಿ?" ಅಂತ ಕೇಳಿದರು. ಬೆನ್ನಿನದ್ದು ತೆಗೆಸಿರಲೇ ಇಲ್ಲ. ಎತ್ತರದಿಂದ ಕಾಲೂರಿ ಬಿದ್ದವರ ಪೆಟ್ಟು ಹಿಮ್ಮಡಿಯಲ್ಲೇ ನಿಲ್ಲುವುದಿಲ್ಲ, ಮೇಲಕ್ಕೇರಿ ಬೆನ್ನುಮೂಳೆಗೂ ತಾಗುತ್ತದೆ. ತೆಗೆಸಿ ನೋಡಿದರೆ ಸೊಂಟದ ಮೊದಲ ಮೂಳೆ ಮುಂದಿನ ಕಡೆ ಕುಸಿದು ಬೆಣೆಯ ಹಾಗೆ ಆಗಿತ್ತು. ಅಷ್ಟರಲ್ಲಿ ಆ ಮನುಷ್ಯನನ್ನು ಎರಡು ಸಲ ಎತ್ತಿ ಸ್ಟ್ರೆಚರ್ ಬದಲಾಯಿಸಿದ್ದರು. ಪುಣ್ಯಕ್ಕೆ ಕಾಲಿನ ಶಕ್ತಿಗೆ ಏನೂ ಆಗಲಿಲ್ಲ.

ಒಂದು ಸಿಕ್ಕಿತು ಅಂತ ಹುಡುಕುವುದು ನಿಲ್ಲಿಸಿಬಿಡುವುದು, ರೇಡಿಯಾಲಜಿಯಲ್ಲಿ ಹಳೇ ಕಾಯಿಲೆ ಇದು. ಅದಕ್ಕೆ ಮದ್ದು ಅಂದರೆ ಮಾಮೂಲಿ ಕೇಸುಗಳನ್ನೇ ರಾಶಿಗಟ್ಟಲೆ ನೋಡುವುದು. ಎದೆಯ ಎಕ್ಸ್‌ರೇ ಸಿಕ್ಕರೆ ಕಣ್ಣಿಗೆ ಬಿದ್ದ ಬಿಳಿ ಮಚ್ಚೆಯ ಹಿಂದೆ ಓಡಬೇಡಿ. ಕಾಲರ್ ಮೂಳೆಯ ಮೇಲಿರುವ ಶ್ವಾಸಕೋಶದ ತುದಿ, ಹೃದಯದ ಹಿಂದಿನ ಜಾಗ, ವಪೆಯ (ಎದೆ, ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಕೆಳಗೆ, ಪಕ್ಕೆಲುಬಿನ ಅಂಚು, ಈ ನಾಲ್ಕು ಕಡೆ ಮೊದಲು ಹೋಗಿ ಬನ್ನಿ. ಕ್ಷಯ ಶ್ವಾಸಕೋಶದ ಮೇಲ್ಭಾಗದಲ್ಲೇ ಜಾಸ್ತಿ ಅವಿತಿರುತ್ತದೆ. ಕರುಳು ತೂತಾದವರ ಗಾಳಿ, ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ, ವಪೆಯ ಕೆಳಗೆ ಸಣ್ಣ ಕಪ್ಪು ಚಂದ್ರನ ಹಾಗೆ ಕಾಣುತ್ತದೆ.

ಮೊದಲ ತಿಂಗಳು ಎಕ್ಸ್‌ರೇ ಟೆಕ್ನಿಷಿಯನ್ ಪಕ್ಕದಲ್ಲಿ ನಿಲ್ಲಿ. ಡಾಕ್ಟರ್ ಅನ್ನುವ ಗತ್ತು ಹೊರಗಿಟ್ಟು ಹೋಗಿ, ಅವರಿಗೆ ಗೊತ್ತಿರುವುದು ಪುಸ್ತಕದಲ್ಲಿ ಇರುವುದಿಲ್ಲ. ಗೋಡೆಯ ಮೇಲೆ ಟಾರ್ಚ್ ಬಿಟ್ಟು ಕೈ ಅಡ್ಡ ಹಿಡಿದು ನೋಡಿ. ಕೈ ಗೋಡೆಯಿಂದ ದೂರ ಬಂದಷ್ಟೂ ನೆರಳು ದೊಡ್ಡದಾಗುತ್ತದೆ. ಎದೆಯ ಎಕ್ಸ್‌ರೇಯೂ ಅಷ್ಟೇ. ನಿಂತವರ ಬೆನ್ನಿನ ಕಡೆಯಿಂದ ಆರಡಿ ದೂರದಲ್ಲಿ ತೆಗೆದರೆ ಹೃದಯ ಇದ್ದಷ್ಟೇ ಕಾಣುತ್ತದೆ. ಹಾಸಿಗೆಯಲ್ಲಿ ಮಲಗಿದವರಿಗೆ ಮುಂದಿನಿಂದ ತೆಗೆದರೆ ಉಬ್ಬಿದ ಹಾಗೆ ಕಾಣುತ್ತದೆ. ಇದು ಗೊತ್ತಿಲ್ಲದೆ "ಹೃದಯ ದೊಡ್ಡದಾಗಿದೆ" ಅಂತ ಬರೆದು ಮನೆಯವರ ನಿದ್ದೆ ಕೆಡಿಸಿದವರು ನಮ್ಮಲ್ಲಿ ಬಹಳ ಜನ.

ಇನ್ನು ನಿಮ್ಮ ಚಿತ್ರದುರ್ಗದ ಕಡೆ, ಪಾವಗಡದ ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇದೆ, ಅದು ಮೂಳೆಗೆ ಸೇರಿಕೊಳ್ಳುತ್ತದೆ. ಬೆನ್ನು ಬಗ್ಗಿಸಲು ಆಗಲ್ಲ ಅಂತ ಬಂದ ಅಜ್ಜನ ಮುಂಗೈಯ ಎಕ್ಸ್‌ರೇ ತೆಗೆಸಿ ನೋಡಿ. ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿ, ಮೂಳೆಯ ಅಂಚಿಗೆ ಮುಳ್ಳುಬೇಲಿ ಹಾಕಿದ ಹಾಗೆ ಇರುತ್ತದೆ. ಬೆನ್ನುಮೂಳೆ ಸೀಮೆಸುಣ್ಣದಷ್ಟು ಬೆಳ್ಳಗಿರುತ್ತದೆ. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಓದುವವರು ಇದನ್ನು ಪುಸ್ತಕದ ಚಿತ್ರದಲ್ಲಿ ನೋಡುತ್ತಾರೆ. ನಿಮಗೆ ಅದು ಓಪಿಡಿ ಸಾಲಿನಲ್ಲಿ ನಿಂತಿರುತ್ತದೆ. ಇದೇನು ಕಮ್ಮಿಯಾ?

ಒಂದು ನೋಟ್‌ಬುಕ್ ಇಡಿ. ನೀವು ಏನು ಬರೆದಿರಿ, ಆಪರೇಷನ್ ಆದ ಮೇಲೆ ಏನು ಸಿಕ್ಕಿತು, ಎರಡನ್ನೂ ಎದುರುಬದುರು ಬರೆಯಿರಿ. ಜಿಲ್ಲಾ ಆಸ್ಪತ್ರೆಯಲ್ಲಿ ಸರ್ಜನ್ ಇರುವುದು ಎರಡು ಬಾಗಿಲು ಆಚೆಗೆ. ನಡೆದುಕೊಂಡು ಹೋಗಿ ಕೇಳಿದರೆ ಆಯಿತು.

ಪ್ರಶ್ನೆ: ನಾನು ಮೆಡಿಕಲ್ ಕಾಲೇಜಿನಲ್ಲಿ ಎಂಡಿ ಮಾಡುತ್ತಿದ್ದೇನೆ. ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಹಾಕಿದ್ದಾರೆ. ಪರೀಕ್ಷೆಗೆ ಓದುವ ಸಮಯ ಹಾಳು ಅನಿಸುತ್ತಿದೆ.
— ಎಂಡಿ ವಿದ್ಯಾರ್ಥಿ, ದಾವಣಗೆರೆ

ಅದು ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮ. 2020ರಲ್ಲಿ ನಿಯಮ ಬಂತು, 2021ರ ಬ್ಯಾಚಿನಿಂದ ಜಾರಿ. ಅದನ್ನು ಸರಿಯಾಗಿ ಮುಗಿಸದೆ ಕೊನೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ, ಹಾಗಾಗಿ ತಪ್ಪಿಸಿಕೊಳ್ಳುವ ದಾರಿ ಹುಡುಕಬೇಡಿ.

ನಿಮ್ಮ ಕೋಪ ನನಗೆ ಅರ್ಥವಾಗುತ್ತದೆ. ಕೆಲವು ಕಡೆ ಈ ಮೂರು ತಿಂಗಳು ಅಂದರೆ ಗರ್ಭಿಣಿಯರ ಸ್ಕ್ಯಾನ್ ಸಾಲನ್ನು ಖಾಲಿ ಮಾಡುವ ಕೂಲಿ ಅಷ್ಟೇ. ಅದು ಕಲಿಸುವುದಲ್ಲ, ದುಡಿಸಿಕೊಳ್ಳುವುದು. ಹಾಗಾದರೆ ಅಲ್ಲಿನ ಸಂಯೋಜಕರ ಹತ್ತಿರ ಹೋಗಿ, ವಾರಕ್ಕೆ ಎರಡು ದಿನ ಎಮರ್ಜೆನ್ಸಿ ಕೊಡಿ ಅಂತ ನೇರವಾಗಿ ಕೇಳಿ. ರಾತ್ರಿ ಎರಡು ಗಂಟೆಗೆ ಅಪಘಾತದ ಕೇಸು ಬಂದಾಗ ಕೈಯಲ್ಲಿ ಸೋನೋಗ್ರಫಿಯ ಪ್ರೋಬ್ ಹಿಡಿದು ಲಿವರ್ ಮತ್ತು ಬಲ ಕಿಡ್ನಿ ನಡುವೆ ಕಪ್ಪು ಗೆರೆ ಕಾಣುತ್ತದಾ ಅಂತ ನೋಡುವುದು, ಕಂಡರೆ ರಕ್ತ ಸೇರಿದೆ ಅಂತ ಸರ್ಜನ್‌ಗೆ ಎದ್ದು ಬನ್ನಿ ಅಂತ ಫೋನ್ ಮಾಡುವುದು, ಆ ಧೈರ್ಯ ಕಾಲೇಜಿನಲ್ಲಿ ಅಷ್ಟು ಬೇಗ ಬರಲ್ಲ. ಅಲ್ಲಿ ನಿಮ್ಮ ಮೇಲೆ ಇನ್ನೂ ನಾಲ್ಕು ಜನ ಇರುತ್ತಾರೆ.

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯಲ್ಲಿ ಎಂಬಿಬಿಎಸ್ ವೈದ್ಯೆ ನಾನು. ಆರು ತಿಂಗಳ ತರಬೇತಿ ತೆಗೆದುಕೊಂಡರೆ ಸ್ಕ್ಯಾನಿಂಗ್ ಮಾಡಬಹುದು ಅನ್ನುತ್ತಾರೆ. ನಿಜವೇ?
— ಓದುಗರು, ಯಾದಗಿರಿ

ನಿಜ. 2014ರ ನಿಯಮದ ಪ್ರಕಾರ ಮಾನ್ಯತೆ ಇರುವ ಕೇಂದ್ರದಲ್ಲಿ ಆರು ತಿಂಗಳ ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕು. ಇದು ಕೋರ್ಟಿಗೂ ಹೋಗಿತ್ತು, ಈ ತರಬೇತಿಯ ನಿಯಮವನ್ನು ರದ್ದು ಮಾಡಿದ್ದ ದೆಹಲಿ ಹೈಕೋರ್ಟಿನ ತೀರ್ಪಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದರೆ ಇದು ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ಕ್ಯಾನಿಗೆ ಮೊದಲ ಮೆಟ್ಟಿಲು ಅಷ್ಟೇ, ಇದರಿಂದ ನೀವು ರೇಡಿಯಾಲಜಿಸ್ಟ್ ಆಗುವುದಿಲ್ಲ. ಬೋರ್ಡಿನಲ್ಲಿ ಹಾಗೆ ಬರೆಸಿಕೊಳ್ಳಬೇಡಿ.

ಕೈ ಪಳಗುವುದಕ್ಕಿಂತ ಮುಂಚೆ ಫಾರಂ ಎಫ್ ತುಂಬುವುದು ಕಲಿಯಿರಿ. ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ಅದು ಬೇಕೇ ಬೇಕು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಲ್ಲಿ ಖಾಲಿ ಬಿಟ್ಟ ಒಂದು ಕಾಲಂ ಕೂಡ ಕೇಸಿಗೆ ದಾರಿ. "ಗುಮಾಸ್ತೆ ಮರೆತ" ಅಂದರೆ ನಡೆಯುವುದಿಲ್ಲ. ಕೆಲವು ಡಾಕ್ಟರುಗಳು ಇದನ್ನು ಕಿರುಕುಳ ಅಂತ ಗೊಣಗುತ್ತಾರೆ. ನಾನೂ ಮೊದಲು ಗೊಣಗಿದ್ದೆ. ಮೂರನೇ ಬಸುರಿಯ ಜೊತೆ ಬಂದ ಅತ್ತೆ ಬಾಗಿಲ ಹತ್ತಿರ ನಿಂತು, "ಜಿಲೇಬಿ ತರೋದಾ, ಪೇಡಾ ತರೋದಾ, ಅಷ್ಟು ಹೇಳಿಬಿಡಿ ಡಾಕ್ಟ್ರೇ" ಅಂತ, ಸಿಹಿಯ ಹೆಸರಲ್ಲಿ ಹೆಣ್ಣಾ ಗಂಡಾ ಅನ್ನುವುದನ್ನು ಮೆಲ್ಲಗೆ ಕೇಳಿದ ದಿನದಿಂದ ಗೊಣಗುವುದು ಬಿಟ್ಟೆ.

ಪ್ರಶ್ನೆ: ಸೊಸೆ ರೇಡಿಯಾಲಜಿ ಓದುತ್ತಿದ್ದಾಳೆ, ಈಗ ಎರಡು ತಿಂಗಳು. ಕಿರಣದಿಂದ ಮಗುವಿಗೆ ತೊಂದರೆ ಆಗಲ್ವಾ?
— ಅತ್ತೆ, ಹಾಸನ

ಅವರು ಮಾಡುವ ಕೆಲಸದಲ್ಲಿ ಅರ್ಧಕ್ಕರ್ಧ ಅಲ್ಟ್ರಾಸೌಂಡ್, ಎಂಆರ್‌ಐ. ಅವುಗಳಲ್ಲಿ ಎಕ್ಸ್‌ರೇ ಕಿರಣವೇ ಇಲ್ಲ. ಸಿಟಿ ಕೋಣೆಯಲ್ಲೂ ಡಾಕ್ಟರ್ ಸಾಮಾನ್ಯವಾಗಿ ಕೂರುವುದು ಸೀಸದ ಗಾಜಿನ ಆಚೆ. ಬಸುರಿ ಅಂತ ವಿಭಾಗಕ್ಕೆ ಬರವಣಿಗೆಯಲ್ಲಿ ಈಗಲೇ ತಿಳಿಸಲಿ. ತಿಳಿಸಿದ ಮೇಲೆ ಹೆರಿಗೆಯವರೆಗೆ ಮಗುವಿಗೆ ತಾಗುವ ಕಿರಣದ ಅಳತೆ 1 ಮಿಲಿಸೀವರ್ಟ್ ಮೀರಬಾರದು ಅಂತ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ ಇದೆ. ಪಕ್ಕದಲ್ಲೇ ನಿಂತು ಎಕ್ಸ್‌ರೇ ಬಿಡುತ್ತಾ ಮಾಡುವ ಬೇರಿಯಂ ಪರೀಕ್ಷೆ, ಆಂಜಿಯೋ ಕೆಲಸದಿಂದ ಅವರನ್ನು ಬಿಡಿಸಬೇಕು. ಕಿರಣ ಎಷ್ಟು ತಾಗಿತು ಅಂತ ಅಳೆಯಲು ಎದೆಗೆ ಸಿಕ್ಕಿಸುವ ಟಿಎಲ್‌ಡಿ ಬ್ಯಾಡ್ಜನ್ನು ಸೀಸದ ಏಪ್ರನ್ನಿನ ಒಳಗೆ ಹಾಕಬೇಕು, ಡ್ರಾಯರಿನಲ್ಲಿ ಇಟ್ಟು ಬರುವುದಲ್ಲ. ಏಪ್ರನ್ ಮಡಚಿ ಕುರ್ಚಿಗೆ ಎಸೆದರೆ ಒಳಗೆ ಬಿರುಕು ಬಿಡುತ್ತದೆ, ಗೂಟಕ್ಕೆ ನೇತುಹಾಕಬೇಕು. ಇಷ್ಟು ಮಾಡಿದರೆ ನೀವು ನೆಮ್ಮದಿಯಾಗಿರಿ.

ಪ್ರಶ್ನೆ: ಅಮೆರಿಕದಲ್ಲಿರುವ ತಮ್ಮನ ಮಗನಿಗೆ "ಕಮ್ಯುನಿಟಿ ಹಾಸ್ಪಿಟಲ್"ನಲ್ಲಿ ರೇಡಿಯಾಲಜಿ ರೆಸಿಡೆನ್ಸಿ ಸಿಕ್ಕಿದೆ. ಅದೂ ನಮ್ಮ ಜಿಲ್ಲಾ ಆಸ್ಪತ್ರೆ ಥರವೇ?
— ನಿವೃತ್ತ ಶಿಕ್ಷಕರು, ಮೈಸೂರು

ಹೆಸರು ಕೇಳಿ ಸಮುದಾಯ ಆರೋಗ್ಯ ಕೇಂದ್ರ ಅಂದುಕೊಳ್ಳಬೇಡಿ ಮೇಷ್ಟ್ರೇ. ವಿಶ್ವವಿದ್ಯಾಲಯಕ್ಕೆ ಸೇರದ, ಊರಿನವರಿಗೆಲ್ಲ ಇರುವ ಆಸ್ಪತ್ರೆ ಅಂತ ಅರ್ಥ. ನೂರಾರು ಹಾಸಿಗೆಯವೂ ಇವೆ. ಅಲ್ಲಿ ಒಂದು ವರ್ಷ ಸಾಮಾನ್ಯ ವೈದ್ಯಕೀಯ ಅಥವಾ ಸರ್ಜರಿ, ಆಮೇಲೆ ನಾಲ್ಕು ವರ್ಷ ರೇಡಿಯಾಲಜಿ. ಹನ್ನೆರಡು ತಿಂಗಳು ರೇಡಿಯಾಲಜಿ ಕಲಿಯುವ ಮೊದಲು ರಾತ್ರಿ ಪಾಳಿಯಲ್ಲಿ ಒಬ್ಬರನ್ನೇ ಬಿಡುವ ಹಾಗಿಲ್ಲ. ಈ ಒಂದು ನಿಯಮ ನಮ್ಮಲ್ಲೂ ಗಟ್ಟಿಯಾಗಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಹುಡುಗನಿಗೆ ನನ್ನ ಶುಭಾಶಯ ಹೇಳಿ.

ಪ್ರಶ್ನೆ: ಕಂಪ್ಯೂಟರೇ ಎಕ್ಸ್‌ರೇ ಓದುತ್ತದಂತೆ. ಇನ್ನು ಡಾಕ್ಟರಿಗೆ ಇದನ್ನು ಕಲಿಸುವುದು ಯಾಕೆ?
— ಓದುಗರು, ಹುಬ್ಬಳ್ಳಿ

ಓದುತ್ತದೆ, ಕ್ಷಯ ಹುಡುಕುವುದರಲ್ಲಿ ಚೆನ್ನಾಗಿಯೇ ಓದುತ್ತದೆ. ಆದರೆ ಹಿಮ್ಮಡಿ ನೋಡಿ ಬೆನ್ನಿನ ಫಿಲ್ಮ್ ಎಲ್ಲಿ ಅಂತ ಅದು ಇನ್ನೂ ನನ್ನನ್ನು ಕೇಳಿಲ್ಲ.

ಪ್ರಶ್ನೆ: ಸ್ಕ್ಯಾನ್ ರಿಪೋರ್ಟಿನ ಕೊನೆಯಲ್ಲಿ "ರೋಗಿಯ ಲಕ್ಷಣಗಳ ಜೊತೆ ಹೋಲಿಸಿ ನೋಡಿ" ಅಂತ ಇಂಗ್ಲಿಷಿನಲ್ಲಿ ಯಾಕೆ ಬರೆಯುತ್ತೀರಿ? ತಪ್ಪಿಸಿಕೊಳ್ಳುವುದಕ್ಕಾ?
— ಓದುಗರು, ಮಂಡ್ಯ

ಕೆಲವು ಸಲ ಹೌದು, ಸುಳ್ಳು ಯಾಕೆ ಹೇಳಲಿ. ಆದರೆ ಜಾಸ್ತಿ ಸಲ ನಮ್ಮ ಕೈಗೆ ಬರುವ ಚೀಟಿಯಲ್ಲಿ "ಹೊಟ್ಟೆ ನೋವು" ಅಂತ ಎರಡೇ ಪದ ಇರುತ್ತವೆ. ಎಷ್ಟು ದಿನದಿಂದ, ಯಾವ ಕಡೆ, ಜ್ವರ ಇದೆಯಾ, ಮೊದಲು ಆಪರೇಷನ್ ಆಗಿತ್ತಾ, ಏನೂ ಇಲ್ಲ. ನನ್ನ ಹತ್ತಿರ ಕಲಿಯುವವರಿಗೆ ಒಂದು ಕಟ್ಟುಪಾಡು ಹಾಕಿದ್ದೇನೆ: ಪ್ರೋಬ್ ಇಡುವ ಮೊದಲು ರೋಗಿಯನ್ನು ಎರಡು ನಿಮಿಷ ಮಾತಾಡಿಸಬೇಕು, ಮಾತಾಡಿಸದೆ ಆ ಸಾಲು ಬರೆದರೆ ರಿಪೋರ್ಟ್ ವಾಪಸ್. ನೀವೂ ಮುಂದಿನ ಸಲ ಸ್ಕ್ಯಾನಿಗೆ ಹೋಗುವಾಗ ಹಳೇ ರಿಪೋರ್ಟುಗಳ ಚೀಲ ಮನೆಯಲ್ಲೇ ಬಿಟ್ಟು ಬರಬೇಡಿ.