ಮಣಿಪಾಲದ ಫ್ಲ್ಯಾಟು, ಹದಿನೈದು ಪವನ್ ಚಿನ್ನ

(ದಂಪತಿಯ ಒಪ್ಪಿಗೆ ಪಡೆದು, ಗುರುತಿನ ವಿವರ ಬದಲಿಸಿ ಬರೆದಿದ್ದೇನೆ.)

ಉಡುಪಿಯ ಒಬ್ಬ ಟೀಚರ್ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಸ್ವಲ್ಪ ಮಾತಾಡಿದ ಮೇಲೆ ನಿಜವಾದ ವಿಷಯ ಹೊರಬಂತು. "ನಮ್ಮವರು ದುಬೈಯಲ್ಲಿ ಇದ್ದಾರೆ ಮೇಡಂ. ಮಣಿಪಾಲದಲ್ಲಿ ಫ್ಲ್ಯಾಟ್ ತೆಗೆಯುವ, ಸ್ಟೂಡೆಂಟ್ಸಿಗೆ ಬಾಡಿಗೆಗೆ ಕೊಡುವ, ಬಾಡಿಗೆಯಲ್ಲೇ ಸಾಲ ತೀರ್ತದೆ ಅಂತಾರೆ. ನನ್ನ ಹದಿನೈದು ಪವನ್ (120 ಗ್ರಾಂ) ಚಿನ್ನ ಅಡವಿಡಬೇಕಂತೆ. ಬೇಡ ಅಂದ್ರೆ, ನಿನಗೆ ನನ್ನ ಮೇಲೆ ನಂಬಿಕೆಯೇ ಇಲ್ಲ ಅಂತ ಜಗಳ."

ಎರಡನೇ ಸಲ ಗಂಡನನ್ನೂ ವಿಡಿಯೋ ಕಾಲಿನಲ್ಲಿ ಸೇರಿಸಿಕೊಂಡೆ. ಫ್ಲ್ಯಾಟ್ ಯಾಕೆ ಬೇಕು ಎಂದು ಕೇಳಿದೆ. ತುಂಬಾ ಹೊತ್ತಾದ ಮೇಲೆ ಹೇಳಿದರು: "ಮನೆ ಅಣ್ಣತಮ್ಮಂದಿರದ್ದು. ಇಲ್ಲಿ ಕೆಲಸ ಹೋದರೆ ಊರಲ್ಲಿ ನನ್ನದು ಅಂತ ಏನೂ ಇಲ್ಲ." ಆಕೆಗೆ ಈ ಹೆದರಿಕೆ ಗೊತ್ತೇ ಇರಲಿಲ್ಲ. ಅಲ್ಲಿಯವರೆಗೆ ಇಬ್ಬರೂ ಚಿನ್ನದ ಬಗ್ಗೆ ಮಾತ್ರ ಜಗಳ ಆಡಿದ್ದರು.

ನಂಬಿಕೆಯ ಮಾತನ್ನು ಸ್ವಲ್ಪ ಬದಿಗಿಟ್ಟು ಲೆಕ್ಕ ಬರೆಯಿರಿ ಎಂದೆ. ಫ್ಲ್ಯಾಟಿಗೆ 48 ಲಕ್ಷ. 38 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ: ತಿಂಗಳಿಗೆ ಸುಮಾರು 33,000 ಕಂತು. ಅವರು ಅಂದಾಜಿಸಿದ ಬಾಡಿಗೆ 16,000. ರಜೆಯಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ, ಮೇಂಟೆನೆನ್ಸ್, ಮನೆ ತೆರಿಗೆ ಕಳೆದರೆ ಕೈಗೆ ಹೆಚ್ಚೆಂದರೆ 12,000. ಉಳಿದ 21,000 ಪ್ರತಿ ತಿಂಗಳೂ ಅವರ ಸಂಬಳದಿಂದಲೇ ಹೋಗಬೇಕು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ನೋಂದಣಿ ಶುಲ್ಕ ಶೇ. 2. ಎಲ್ಲ ಸೇರಿ ಮೂರೂವರೆ ಲಕ್ಷ ದಾಟುತ್ತದೆ. ಬ್ಯಾಂಕು ಈ ಖರ್ಚಿಗೆ ಸಾಲ ಕೊಡುವುದಿಲ್ಲ. ಚಿನ್ನ ಬೇಕಾಗಿದ್ದು ಇದಕ್ಕೇ. ಅಂದರೆ ಸಾಲದ ಮೇಲೆ ಇನ್ನೊಂದು ಸಾಲ.

ಆಮೇಲೆ ಕೇಳಿದೆ: "ರಾತ್ರಿ ಹತ್ತಕ್ಕೆ ನೀರಿಲ್ಲ ಅಂತ ಹುಡುಗರು ಫೋನ್ ಮಾಡಿದರೆ ಎತ್ತುವುದು ಯಾರು?"

ಆ ಕಡೆ ಮೌನ. ಆಕೆ ಮೆಲ್ಲ ಹೇಳಿದರು, "ನಾನೇ ಅಲ್ವಾ?"

ಬಾಡಿಗೆ ಮನೆ ಒಂದು ಕೆಲಸ. ಪ್ಲಂಬರ್ ಹುಡುಕಬೇಕು, ಅಡ್ವಾನ್ಸ್ ಹಿಂದೆ ಕೊಡುವಾಗ ಜಗಳ ಸಂಭಾಳಿಸಬೇಕು, ಹನ್ನೊಂದು ತಿಂಗಳಿಗೊಮ್ಮೆ ಕರಾರು ಮಾಡಬೇಕು. ಗಂಡ ವಿದೇಶದಲ್ಲಿದ್ದರೆ ಅದೆಲ್ಲ ಹೆಂಡತಿಯ ತಲೆಗೆ ಬರುತ್ತದೆ. ಶಾಲೆ, ಮನೆ, ಅತ್ತೆಯ ಆರೈಕೆ ಎಲ್ಲ ಇರುವಾಗ ಈ ಕೆಲಸವನ್ನೂ ಯಾರೂ ಕೇಳದೆ ಅವರ ಹೆಸರಿಗೆ ಬರೆದಿದ್ದರು. ನಿದ್ದೆ ಬಾರದ್ದಕ್ಕೆ ಇದೂ ಕಾರಣ ಎಂದು ನನಗೆ ಅನಿಸಿತು.

ನಾನು ಹೇಳಿದ್ದು ಇಷ್ಟು. ಚಿನ್ನ ಮುಟ್ಟಬೇಡಿ. ಆರು ತಿಂಗಳ ಕಂತು ಬೇರೆ ಖಾತೆಯಲ್ಲಿ ಕೂಡಿದ ಮೇಲೆ ಸಣ್ಣ ಫ್ಲ್ಯಾಟ್ ನೋಡಿ. ನೋಡಿಕೊಳ್ಳುವ ಕೆಲಸಕ್ಕೆ ಜನ ಇಡುವುದಾದರೆ ಆ ಖರ್ಚನ್ನೂ ಲೆಕ್ಕದಲ್ಲಿ ಬರೆಯಿರಿ. ತೆರಿಗೆಗೆ ಒಬ್ಬ ಸಿಎ ಹತ್ತಿರ ಹೋಗಲೇಬೇಕು. ಮಾಲೀಕರು ಎನ್‌ಆರ್‌ಐ ಆದರೆ ಬಾಡಿಗೆದಾರರು ಬಾಡಿಗೆಯಲ್ಲಿ ಶೇ. 30ಕ್ಕಿಂತ ಸ್ವಲ್ಪ ಜಾಸ್ತಿ ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಸರಕಾರಕ್ಕೆ ಕಟ್ಟಬೇಕಾಗುತ್ತದೆ. ಓದುವ ಹುಡುಗರಿಂದ ಅದನ್ನು ಮಾಡಿಸುವುದು ಸುಲಭ ಇಲ್ಲ. ಇ-ಖಾತೆ, ಇ.ಸಿ. (ಆಸ್ತಿಯ ಮೇಲೆ ಸಾಲ, ಋಣ ಇದೆಯೇ ಎಂದು ತೋರಿಸುವ ಪತ್ರ), ರೇರಾ (ಕಟ್ಟಡ ಯೋಜನೆಗಳ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಜಾಗದ ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ ದಾಖಲೆ) ಎಲ್ಲವನ್ನೂ ವಕೀಲರಿಗೆ ತೋರಿಸಿ. ಇನ್ನೊಂದು ಮಾತು: ಬೇಸಿಗೆಯಲ್ಲಿ ನೋಡಿ ಮುಂಗಡ ಕೊಡಬೇಡಿ. ಆಟಿಯಲ್ಲಿ (ತುಳುವರ ಜೋರು ಮಳೆಯ ತಿಂಗಳು) ಹೋಗಿ ನೋಡಿ. ನಮ್ಮೂರಿನ ಮಳೆಯಲ್ಲಿ ಗೋಡೆ ಎಲ್ಲ ಹೇಳಿಬಿಡುತ್ತದೆ.

ಜುಲೈ ಕೊನೆಯಲ್ಲಿ ಆಕೆ ತಮ್ಮನನ್ನು ಕರೆದುಕೊಂಡು ಹೋಗಿ ನೋಡಿದರು. ಮೇಲಿನ ಮಹಡಿ, ಬೆಡ್‌ರೂಮಿನ ಮೂಲೆಯಲ್ಲಿ ಪಾಚಿ ಕಟ್ಟಿತ್ತು. "ಪೈಂಟ್ ಹೊಡೆದರೆ ಸರಿಯಾಗ್ತದೆ" ಎಂದರಂತೆ ಬ್ರೋಕರ್. ಆಕೆ ಫೋಟೋ ತೆಗೆದು ದುಬೈಗೆ ಕಳಿಸಿದರು. ಬೇಡ ಎಂದು ಮೊದಲು ಹೇಳಿದ್ದು ಗಂಡನೇ.

ಈಗ ತಿಂಗಳಿಗೆ 20,000 ಬ್ಯಾಂಕಿನ ಆರ್.ಡಿ.ಗೆ (ತಿಂಗಳು ತಿಂಗಳು ಕಟ್ಟುವ ಠೇವಣಿ) ಹೋಗುತ್ತಿದೆ. ಪಾಸ್‌ಬುಕ್ ಆಕೆಯ ಕೈಯಲ್ಲೇ ಇದೆ. ಡಿಸೆಂಬರ್ ರಜೆಗೆ ಅವರು ಬಂದಾಗ ಇಬ್ಬರೂ ಸೇರಿ ಒಂದು ಬೆಡ್‌ರೂಮಿನ ಫ್ಲ್ಯಾಟುಗಳನ್ನು ನೋಡಲು ಹೋಗುತ್ತಾರಂತೆ.