ಅರವತ್ತು ಆಳಿನ ಗದ್ದೆ

ಪ್ರಶ್ನೆ: ಮಗ ಎಂಟನೇ ಕ್ಲಾಸು. 6 ಜನ 10 ದಿನದಲ್ಲಿ ಮುಗಿಸುವ ನಾಟಿ ಕೆಲಸ, 4 ದಿನ ಆದ ಮೇಲೆ ಇಬ್ಬರು ಬಿಟ್ಟು ಹೋಗುತ್ತಾರೆ, ಉಳಿದವರಿಗೆ ಇನ್ನೆಷ್ಟು ದಿನ ಬೇಕು? ಅವನು 15 ಎಂದು ಬರೆದ. ಪುಸ್ತಕದ ಹಿಂದೆ 9 ಎಂದಿದೆ. ನನಗೂ 15 ಸರಿ ಅನ್ನಿಸುತ್ತಿದೆ.
ಓದುಗರೊಬ್ಬರು, ಮಂಡ್ಯ

ಉತ್ತರ: ಪುಸ್ತಕವೇ ಸರಿ ತಾಯಿ. ಆದರೂ ಹುಡುಗನನ್ನು ಬೈಯಬೇಡಿ. ಮೊದಲ ದಿನದಿಂದಲೇ 4 ಜನ ಇದ್ದಿದ್ದರೆ 15 ದಿನವೇ ಹಿಡಿಯುತ್ತಿತ್ತು. ಆರು ಜನ ನಾಲ್ಕು ದಿನ ಬೆನ್ನು ಬಗ್ಗಿಸಿದ್ದನ್ನು ಅವನು ಮರೆತಿದ್ದಾನೆ, ಅಷ್ಟೇ.

ನಿಮ್ಮ ಕಡೆ ಗದ್ದೆ ನೋಡಿ 'ಇದಕ್ಕೆ ಅರವತ್ತು ಆಳು ಹಿಡಿಯುತ್ತೆ' ಅನ್ನುತ್ತಾರೆ ಅಲ್ವಾ? ಅಂದರೆ ಅರವತ್ತು ಜನರನ್ನು ಒಟ್ಟಿಗೆ ಇಳಿಸಬೇಕು ಅಂತೇನಲ್ಲ. ಒಬ್ಬರು ಒಂದು ದಿನ ಮಾಡುವ ಕೆಲಸಕ್ಕೆ ಒಂದು ಆಳು. 6 ಜನ 10 ದಿನ ಬಂದರೂ 60 ಆಳು, 12 ಜನ 5 ದಿನ ಬಂದರೂ 60, 4 ಜನ 15 ದಿನ ಬಂದರೂ ಅಷ್ಟೇ. ಜನ ಜಾಸ್ತಿ ಆದಷ್ಟೂ ದಿನ ಕಮ್ಮಿ, ಎರಡನ್ನೂ ಗುಣಿಸಿದರೆ ಬರುವುದು ಮಾತ್ರ ಬದಲಾಗುವುದಿಲ್ಲ. ಪಾಠದಲ್ಲಿ ವಿಲೋಮ ಅನುಪಾತ ಅನ್ನುವುದು ಇದನ್ನೇ. ಹಿಂದಿನವರು ವ್ಯಸ್ತ ತ್ರೈರಾಶಿಕ ಎನ್ನುತ್ತಿದ್ದರು, ಆ ಹೆಸರಿಗೇ ಅರ್ಧ ಮಕ್ಕಳು ಓಡಿಹೋಗುತ್ತಾರೆ.

ಈಗ ನಿಮ್ಮ ಲೆಕ್ಕ. 4 ದಿನದಲ್ಲಿ 6×4, 24 ಆಳು ಮುಗಿಯಿತು. ಉಳಿದದ್ದು 36. ಗದ್ದೆಯಲ್ಲಿರುವವರು 4. ಅಲ್ಲಿಗೆ 9 ದಿನ. ಮಗನಿಗೆ ಸೂತ್ರ ಉರು ಹೊಡೆಸುವ ಬದಲು 'ಇನ್ನೆಷ್ಟು ಆಳಿನ ಕೆಲಸ ಉಳಿದಿದೆ?' ಎಂದು ಕೇಳಿ.

ಎಲ್ಲರೂ ಒಂದೇ ಸಮ ಕೆಲಸ ಮಾಡುತ್ತಾರೆ, ಎಲ್ಲರಿಗೂ ಜಾಗ ಇದೆ ಎಂದು ಪುಸ್ತಕ ಸುಮ್ನೆ ಒಪ್ಪಿಕೊಂಡಿರುತ್ತದೆ. ಇಬ್ಬರು ನಿಲ್ಲುವಷ್ಟೇ ಅಗಲದ ಬಾವಿ ತೋಡಲು ಹತ್ತು ಜನ ಬಂದರೆ ಎಂಟು ಜನ ದಡದಲ್ಲಿ ಕೂತು ಎಲೆ ಅಡಿಕೆ ಹಾಕಬೇಕಾದೀತು.

ಪ್ರಶ್ನೆ: ಒಬ್ಬ 6 ದಿನಕ್ಕೆ ಮುಗಿಸುತ್ತಾನೆ, ಇನ್ನೊಬ್ಬ 12 ದಿನಕ್ಕೆ. ಇಬ್ಬರೂ ಸೇರಿದರೆ ಸರಾಸರಿ 9 ದಿನ ತಾನೇ?
ಇನ್ನೊಬ್ಬ ಓದುಗರು, ಹಾಸನ

ಉತ್ತರ: ಒಬ್ಬನೇ 6 ದಿನಕ್ಕೆ ಮುಗಿಸುವವನಿಗೆ ಜೊತೆ ಸಿಕ್ಕಿದ ಮೇಲೆ 9 ದಿನ ಆಗುವುದಾದರೆ ಆ ಜೊತೆಗಾರನನ್ನು ಮನೆಗೆ ಕಳಿಸುವುದೇ ವಾಸಿ! ಇಲ್ಲಿ ಇಬ್ಬರ ಕೈ ಒಂದೇ ಸಮ ಇಲ್ಲ, ಹಾಗಾಗಿ ಆಳು ಎಣಿಸಿದರೆ ಆಗುವುದಿಲ್ಲ, ದಿನಕ್ಕೆ ಯಾರು ಎಷ್ಟು ಮಾಡುತ್ತಾರೆ ಎಂದು ನೋಡಬೇಕು. ಕೆಲಸ 12 ತೆಂಗಿನ ಗುಂಡಿ ತೆಗೆಯುವುದು ಅಂದುಕೊಳ್ಳಿ. ಮೊದಲನೆಯವನು ದಿನಕ್ಕೆ 2 ಗುಂಡಿ, ಎರಡನೆಯವನು 1. ಸೇರಿದರೆ 3. ನಾಲ್ಕೇ ದಿನ.